ಚರಗಕ್ಕೆ ಹೊರಟ ಚಕ್ಕಡಿಗಳು

ಎಳ್ಳ ಅಮಾವಾಸ್ಯೆಯ ಮುಂಜಾವಿನಲ್ಲಿ ಹುಬ್ಬಳ್ಳಿಯ ಸುತ್ತಣ ಎರೆಹೊಲಗಳ ಹಾದಿಯಲ್ಲಿ ಗೆಜ್ಜೆಯ ಸದ್ದು ಕೇಳಿಸಿತೆಂದರೆ, ಚಕ್ಕಡಿಗಳು ಸಾಲಾಗಿ ಚರಗಕ್ಕೆ ಹೊರಟವೆಂದೇ ತಿಳಿಯಬೇಕು. ಎತ್ತುಗಳ ಬೆನ್ನಿಗೆ ಬಣ್ಣದ ಜೂಲು, ಕೋಡಿಗೆ ಕೋಡಣಸು. ಚಕ್ಕಡಿಯಲ್ಲಿ ಹೆಂಗಳೆಯರು, ಮಕ್ಕಳು, ಪಟ್ಟಣದಿಂದ ಬಂದ ಬೀಗರು. ಬುಟ್ಟಿಗಳಿಗಂತೂ ಬೀಗರಿಗಿಂತ ಒಂದು ತೂಕ ಹೆಚ್ಚಿನ ಮರ್ಯಾದೆ! ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಶೇಂಗಾದ ಹೋಳಿಗೆ, ಮೊಸರನ್ನ. ಒಂದೊಂದು ಮನೆಯದೂ ಒಂದೊಂದು ಕೈರುಚಿ.

ಇಕ್ಕೆಲಗಳಲ್ಲಿ ತೆನೆದೂಗುವ ಬಿಳಿಜೋಳ, ಕುಸುಬಿ, ಹಸಿರು ಕಡಲೆ. ಹೊಲ ಸೇರಿದೊಡನೆ ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿರಿಸಿ ಪಾಂಡವರೆಂದು ಪೂಜಿಸುವರು. ಬಳಿಕ ಎಡೆಯ ಅಡಿಗೆಯನ್ನು ಕಲಸಿ ಹೊಲದ ಸುತ್ತ ಚೆಲ್ಲುತ್ತ ನಡೆಯುವುದೇ ಚರಗ. ಭೂತಾಯಿಗೆ ಉಣಿಸದೆ ಮನೆಮಂದಿ ತುತ್ತೆತ್ತುವಂತಿಲ್ಲ.

ಆದರೆ ಗಬ್ಬೂರದಂಥ ಕಡೆ ಚಕ್ಕಡಿ ಹೂಡುವುದು ಮೊದಲಿನಷ್ಟು ಸುಲಭವಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಇಲ್ಲಿಯೇ ಹಾಯುತ್ತದೆ; ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರುಗಳ ಬೈಪಾಸ್ ತೊಡಗುವುದೂ ಇಲ್ಲಿಂದಲೇ. ಲಾರಿಯ ಹಾರ್ನಿಗೆ ಎತ್ತು ಬೆದರಿದರೆ, ಚಕ್ಕಡಿಯ ತುಂಬ ಮಕ್ಕಳಿರುವರಲ್ಲ! ಅದಕ್ಕಿಂತ ದೊಡ್ಡ ತೊಡಕು ಮೇವಿನದು. ಉಳುಮೆ ಟ್ರ್ಯಾಕ್ಟರಿನ ಪಾಲಾದ ಮೇಲೆ ಒಂದು ದಿನದ ಸಂಭ್ರಮಕ್ಕಾಗಿ ಜೋಡೆತ್ತುಗಳನ್ನು ವರ್ಷವಿಡೀ ಸಾಕುವವರಾರು? ಹಲವರು ಈಗ ಟ್ರೇಲರಿನಲ್ಲಿಯೇ ಹೋಗುತ್ತಾರೆ. ಚರಗಕ್ಕೆ ಅದರಿಂದ ಊನವಿಲ್ಲ, ನಿಜ; ಆದರೆ ಆ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳಿಸದು. ಚಕ್ಕಡಿಯಲ್ಲಾದರೋ ಮುಂದಿನವರ ಹಾಡಿಗೆ ಹಿಂದಿನವರು ದನಿಗೂಡಿಸಬಹುದು. ನಡುವೆ ಧುಮುಕಿ, ನಾಲ್ಕು ಕಡಲೆಗಿಡ ಕಿತ್ತುಕೊಂಡು, ಓಡಿಬಂದು ಮತ್ತೆ ಹತ್ತಬಹುದು.

ಮುಂದಿನ ಅಮಾವಾಸ್ಯೆಗೆ ಬೀಗರ ಚಕ್ಕಡಿಗೆ ಕರೆ ಬಂದ ವಾಚಕರು ಎತ್ತುಗಳಿಗೆಂದು ಒಂದು ಚೀಲ ಹತ್ತಿಕಾಳಿನ ಹಿಂಡಿಯನ್ನೂ ಒಯ್ದರೆ ಮನೆಯ ಯಜಮಾನರು ಬೇಡವೆನ್ನಲಾರರು.