ಗಾಳಿಯಿಂದ ಬಂದ ನೀರನ್ನು ಕುಡಿಯಬಹುದೇ?



ತಣ್ಣನೆಯ ನೀರು ತುಂಬಿದ ಸ್ಟೀಲ್ ತಂಬಿಗೆಯನ್ನು ಸ್ವಲ್ಪ ಹೊತ್ತು ಇಟ್ಟು ನೋಡಿ. ಅದರ ಹೊರಮೈ ಮೇಲೆ ಹನಿಗಳು ಮೂಡುತ್ತವೆ. ತಂಬಿಗೆ ಸೋರಿರುವುದಿಲ್ಲ. ನಮ್ಮ ಸುತ್ತಲಿನ ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ. ತಣ್ಣನೆಯ ಮೈ ತಗುಲಿದಾಗ ಆ ಆವಿಯೇ ಹನಿಯಾಗುತ್ತದೆ. ಬೆಳಗಿನ ಇಬ್ಬನಿ ಉಂಟಾಗುವುದೂ ಹೀಗೆಯೇ.

ಗಾಳಿಯಲ್ಲಿ ಎಷ್ಟು ನೀರಿದೆ?

ಉದ್ದ, ಅಗಲ, ಎತ್ತರ ಎಲ್ಲವೂ 10 ಅಡಿ ಇರುವ ಒಂದು ಕೋಣೆಯನ್ನು ತೆಗೆದುಕೊಳ್ಳಿ. 30 ಡಿಗ್ರಿ ಉಷ್ಣತೆ, ಶೇ. 60 ತೇವಾಂಶ ಇದ್ದರೆ ಆ ಕೋಣೆಯ ಗಾಳಿಯಲ್ಲಿ ಸುಮಾರು ಅರ್ಧ ಲೀಟರ್ ನೀರಿರುತ್ತದೆ. ಗಾಳಿಯನ್ನು 10 ಡಿಗ್ರಿಗೆ ತಂಪು ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಕಾಲು ಲೀಟರ್ ಕೈಗೆ ಸಿಗುತ್ತದೆ. ಗಾಳಿಯಿಂದ ನೀರು ತೆಗೆಯುವ ಯಂತ್ರಗಳಲ್ಲಿ ಹೆಚ್ಚಿನವು ಮಾಡುವುದು ಇದನ್ನೇ. 2022ರಲ್ಲಿ ಮುಂಬೈಯ ಕೆಲವು ರೈಲು ನಿಲ್ದಾಣಗಳಲ್ಲಿ ಇಂಥ ಯಂತ್ರಗಳನ್ನು ಇಡಲಾಯಿತು. ಸಮುದ್ರ ತೀರದ ತೇವದ ಗಾಳಿಯಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಒಣ ಹವೆಯಲ್ಲಿ ನೀರು ಕಡಿಮೆ, ಕರೆಂಟಿನ ಖರ್ಚು ಹೆಚ್ಚು.

ಹಾಗಾದರೆ ಎ.ಸಿ. ನೀರು?

ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರೂ ಗಾಳಿಯಿಂದಲೇ ಬಂದದ್ದು. ನೋಡಲು ತಿಳಿಯಾಗಿರುತ್ತದೆ. ಹೀಗಾಗಿ "ಇದು ಶುದ್ಧವಾದ ನೀರಲ್ಲವೇ?" ಎಂದು ಹಲವರಿಗೆ ಅನಿಸುತ್ತದೆ. ದಯವಿಟ್ಟು ಇದನ್ನು ಕುಡಿಯಬೇಡಿ. ನೀರಿನ ಯಂತ್ರದಲ್ಲಿ ಗಾಳಿಯ ಧೂಳನ್ನು ಮೊದಲು ಸೋಸುತ್ತಾರೆ, ಬಂದ ನೀರನ್ನು ಮತ್ತೆ ಸೋಸಿ ಸೂಕ್ಷ್ಮಾಣುಗಳನ್ನು ಕೊಲ್ಲುತ್ತಾರೆ, ಖನಿಜಾಂಶ ಸೇರಿಸುತ್ತಾರೆ. ಎ.ಸಿ.ಯಲ್ಲಿ ಇದಾವುದೂ ಇಲ್ಲ. ಅದರ ಒಳಗಿನ ತಟ್ಟೆ ಸದಾ ಒದ್ದೆಯಾಗಿದ್ದು, ಅಲ್ಲಿ ಧೂಳು, ಬೂಷ್ಟು, ಸೂಕ್ಷ್ಮಾಣುಗಳು ಬೆಳೆಯುತ್ತವೆ. ಕೊಳವೆಗಳ ಲೋಹದ ಅಂಶವೂ ನೀರಿಗೆ ಸೇರಬಹುದು. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತವೆ, ಲೋಹ ಹೋಗುವುದಿಲ್ಲ.

ಆರೋಗ್ಯವಂತರಿಗಿಂತ ರೋಗಿಗಳಿಗೆ ಇದರ ಅಪಾಯ ಹೆಚ್ಚು. ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು, ಎಳೆಗೂಸುಗಳು, ವಯಸ್ಸಾದವರಲ್ಲಿ ರೋಗ ತಡೆಯುವ ಶಕ್ತಿ ಕಡಿಮೆ ಇರುತ್ತದೆ.

ನೆನಪಿಡಿ:

* ಎ.ಸಿ. ನೀರಿನಲ್ಲಿ ಓ.ಆರ್.ಎಸ್. ಪುಡಿ, ಹಾಲಿನ ಪುಡಿ, ಔಷಧಿ ಕಲಸಬೇಡಿ.
* ಗಾಯ ತೊಳೆಯಲು, ಬಾಯಿ ಮುಕ್ಕಳಿಸಲು ಬಳಸಬೇಡಿ.
* ಉಸಿರಾಟದ ಯಂತ್ರಗಳಿಗೆ ಯಾವ ನೀರನ್ನೂ ನೀವಾಗಿ ಹಾಕಬೇಡಿ, ದಾದಿಯರನ್ನು ಕರೆಯಿರಿ.
* ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಈ ನೀರು ಸಾಕು.
* ಕುಡಿಯುವ ನೀರನ್ನು ಕುಡಿಯುವ ನೀರಿನ ನಲ್ಲಿಯಿಂದಲೇ ಹಿಡಿಯಿರಿ. ಮನೆಯಲ್ಲಿ ಅನುಮಾನವಿದ್ದರೆ ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಟ್ಟು ಆರಿಸಿ ಕುಡಿಯಿರಿ.

ಗೊತ್ತಿಲ್ಲದೆ ಯಾರಾದರೂ ಎ.ಸಿ. ನೀರು ಕುಡಿದಿದ್ದರೆ ಗಾಬರಿಯಾಗಬೇಡಿ, ಮುಚ್ಚಿಡಲೂ ಬೇಡಿ. ವಾಂತಿ, ಭೇದಿ, ಜ್ವರ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ.

ನೀರು ತಿಳಿಯಾಗಿದ್ದ ಮಾತ್ರಕ್ಕೆ ಶುದ್ಧವಲ್ಲ. ಎಲ್ಲಿಂದ ಬಂತು, ಯಾವುದರ ಮೇಲೆ ಹರಿದು ಬಂತು ಎಂದು ಕೇಳಿ, ಆಮೇಲೆ ಕುಡಿಯಿರಿ.