ಜೇನುಪೆಟ್ಟಿಗೆಯ ಮುಂದೆ ಒಂದು ಪರೀಕ್ಷೆ

ಜೇನು ಸಾಕುವವನಿಗೂ ಪರೀಕ್ಷೆಯೇ ಎಂದು ದಾವಣಗೆರೆಯ ಮಿತ್ರರೊಬ್ಬರು ನಕ್ಕರು. ನಗುವಂಥದೇನಿಲ್ಲ. ಭಾರತೀಯ ಕೃಷಿ ಕೌಶಲ ಮಂಡಳಿಯು ಜೇನು ಸಾಕಣೆಯನ್ನು ಒಂದು ವೃತ್ತಿಯೆಂದು ಗುರುತಿಸಿ, ಅದಕ್ಕೆ ಕಲಿಕೆಯ ಮಟ್ಟವನ್ನೂ ಮೌಲ್ಯಮಾಪನವನ್ನೂ ಗೊತ್ತುಪಡಿಸಿದೆ. ಬ್ರಿಟನ್ನಿನ ಜೇನು ಸಾಕಣೆಗಾರರ ಸಂಘವೂ ಇಂಥದೊಂದು ಪ್ರಾಥಮಿಕ ಪರೀಕ್ಷೆಯನ್ನು ನಡೆಸುತ್ತದೆ. ಎರಡರಲ್ಲಿಯೂ ಪುಸ್ತಕದ ಉತ್ತರವಷ್ಟೇ ಸಾಲದು; ಕೈಗೆಲಸವನ್ನೂ ನೋಡುತ್ತಾರೆ.

ಹರಿಹರದ ಕೆಲವು ತರುಣರಿಗೆ ಸಿದ್ಧತೆ ಹೇಳಿಕೊಡುವಾಗ ನಾನು ಕಂಡುದೇನೆಂದರೆ, ಮುಚ್ಚಳ ತೆಗೆದೊಡನೆ ಎಲ್ಲರ ಕಣ್ಣೂ ರಾಣಿಯನ್ನೇ ಅರಸುತ್ತದೆ. ರಾಣಿ ಸಿಕ್ಕದಿದ್ದರೆ ಒಂದರ ಮೇಲೊಂದು ಎರಿಯನ್ನೆತ್ತಿ ಎಳೆಯ ಮರಿಗಳನ್ನು ಬಿಸಿಲಿಗೊಡ್ಡುತ್ತಾರೆ. ಇದರ ಅಗತ್ಯವೇ ಇಲ್ಲ. ರಾಣಿಯಿಟ್ಟ ಮೊಟ್ಟೆ ಸುಮಾರು 3 ದಿನಕ್ಕೆ ಒಡೆದು ಮರಿಹುಳುವಾಗುತ್ತದೆ. ಆದುದರಿಂದ ಕಣದ ತಳದಲ್ಲಿ ಬಿಳಿಯ ನೂಲಿನ ತುಣುಕಿನಂತಹ ಒಂದೊಂದೇ ಮೊಟ್ಟೆ ಕಂಡರೆ, ಈ 3 ದಿನಗಳೊಳಗೆ ರಾಣಿ ಇಲ್ಲಿ ಓಡಾಡಿದ್ದಾಳೆಂದು ಧೈರ್ಯವಾಗಿ ಹೇಳಬಹುದು. ಒಂದೇ ಕಣದಲ್ಲಿ ಹಲವು ಮೊಟ್ಟೆಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೆ ಕಥೆ ಬೇರೆ. ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗಿರುವ ಸಂಭವವುಂಟು. ಅವುಗಳಿಂದ ಹುಟ್ಟುವುದು ಗಂಡುನೊಣಗಳು ಮಾತ್ರ. ಹಾಗೆಯೇ ಬಿಟ್ಟರೆ ಆ ಸಂಸಾರಕ್ಕೆ ಉಳಿಗಾಲವಿಲ್ಲ.

ರೋಗದ ಗುರುತನ್ನೂ ಎರಿಯಲ್ಲಿಯೇ ಓದಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಕರ್ನಾಟಕದ ತುಡುವೆ ಜೇನಿನ ಅಸಂಖ್ಯ ಸಂಸಾರಗಳನ್ನು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಅಳಿಸಿಹಾಕಿತು. ಸತ್ತ ಮರಿ ಕಣದಲ್ಲಿ ತಲೆಯೆತ್ತಿ ಮಲಗಿರುತ್ತದೆ. ಮೆಲ್ಲಗೆ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ಅದನ್ನು ಒಮ್ಮೆ ಕಂಡವರು ಮರೆಯಲಾರರು.

ಇನ್ನು ಆಹಾರದ ಮಾತು. ಇಲ್ಲಿ ನಮ್ಮ ಸೀಮೆಯವರು ಎಡವುವುದು ಸಹಜ. ಭದ್ರಾ ಕಾಲುವೆಯ ಕೆಳಗೆ ಕಣ್ಣು ಹಾಯುವವರೆಗೂ ಭತ್ತ, ಆಚೆ ಮೆಕ್ಕೆಜೋಳ. ಇಷ್ಟು ಹಸುರಿರುವಾಗ ಜೇನಿಗೆ ಏನು ಕೊರತೆ ಎನಿಸುತ್ತದೆ. ಆದರೆ ಈ ಎರಡು ಬೆಳೆಗಳ ಹೂವಿನಲ್ಲಿಯೂ ಮಕರಂದವಿಲ್ಲ. ಮೆಕ್ಕೆಜೋಳದಿಂದ ಪರಾಗ ಸಿಕ್ಕೀತು, ಅಷ್ಟೆ. ಬೇಸಿಗೆಯಲ್ಲಿ ಹೊಂಗೆ, ಬೇವು, ಹುಣಸೆ. ವರ್ಷವಿಡೀ ತೆಂಗು: ಪೆಟ್ಟಿಗೆಯನ್ನು ಸಾಕುವುದು ಇವೇ. ಮಳೆಗಾಲದಲ್ಲಿ ಹೂವು ತಪ್ಪಿದಾಗ ಸಕ್ಕರೆ ಪಾಕ ಕೊಡಬೇಕಾಗುತ್ತದೆ. ಹೂವಿನ ಪಟ್ಟಿಯನ್ನು ಪುಸ್ತಕದಿಂದ ಉರುಹೊಡೆಯುವ ಬದಲು ಅಭ್ಯರ್ಥಿಯು ತನ್ನ ಊರಿನ ಸುತ್ತ ಒಂದು ವರ್ಷ ನಡೆದು ಬರೆದುಕೊಳ್ಳುವುದು ಲೇಸು.

ನಗರದವರಿಗೆ ಜೇನೆಂದರೆ ನೀರಿನ ಟ್ಯಾಂಕಿನಡಿ ತೂಗುವ ಹೆಜ್ಜೇನು. ಬಯಲಲ್ಲಿ ಒಂದೇ ಎರಿ ಕಟ್ಟುವ ಅದು ಪೆಟ್ಟಿಗೆಗೆ ಒಗ್ಗುವುದಿಲ್ಲ. ಆ ಭಯದಿಂದಲೇ ಹಲವರು ತುಡುವೆಗೂ ಹೊಗೆತಿದಿಯನ್ನು ಒಲೆಯಂತೆ ಊದುತ್ತಾರೆ. ಎರಡು ಮೂರು ತಣ್ಣನೆಯ ಉಸಿರು ಸಾಕು. ಕುಟುಕಿದರೆ ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದು, ಆ ಜಾಗಕ್ಕೆ ತುಸು ಹೊಗೆ ತೋರಿಸಬೇಕು. ಇಲ್ಲವಾದರೆ ವಾಸನೆ ಹಿಡಿದು ಉಳಿದವೂ ಬರುತ್ತವೆ.

ಎತ್ತಿದ ಎರಿಗಳನ್ನು ಇದ್ದ ಕ್ರಮದಲ್ಲಿ, ಇದ್ದ ಮಗ್ಗುಲಿಗೇ ಇಳಿಸಿ, ಅಂಚಿನ ನೊಣಗಳು ನಜ್ಜುಗುಜ್ಜಾಗದಂತೆ ಮುಚ್ಚಳವಿಡಬೇಕು. ಹೊರಡುವ ಮುನ್ನ ಪೀಠದ ಕಾಲುಗಳ ಕೆಳಗಿನ ಬಟ್ಟಲುಗಳಲ್ಲಿ ನೀರಿದೆಯೇ ನೋಡಬೇಕು. ಪರೀಕ್ಷೆ ಮುಗಿಯಿತೆಂಬುದು ಇರುವೆಗಳಿಗೆ ತಿಳಿಯದಷ್ಟೆ.