ನಿಮಗಿದು ಗೊತ್ತೇ? ಮಕಾವ್‌ಗೆ ಮನೆಯಲ್ಲಿ ಜಾಗ, ನಮ್ಮ ಗಿಳಿಗಿಲ್ಲ!

● ಹಿತ್ತಲ ಸೀಬೆ ಮರಕ್ಕೆ ಬಂದು ಕಾಯಿ ಕುಕ್ಕಿ ಹೋಗುವ ಕೆಂಪು ಕೊಕ್ಕಿನ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಿಳಿಶಾಸ್ತ್ರದವರ ಪೆಟ್ಟಿಗೆಯಿಂದ ತಟತಟನೆ ನಡೆದು ಬಂದು ಕೊಕ್ಕಿನಲ್ಲಿ ಕಾರ್ಡು ಎಳೆಯುತ್ತದಲ್ಲ, ಅದೂ ಇದೇ ಗಿಳಿ!

● ಅದೇ ದಕ್ಷಿಣ ಅಮೆರಿಕದ ಮಕಾವ್ ಗಿಳಿಯಾದರೆ? ಕಾಗದಪತ್ರ ಸರಿಯಿದ್ದರೆ ಸಾಕಬಹುದು. ವಿಚಿತ್ರವೆನಿಸಿದರೂ ಕಾನೂನು ಇರುವುದು ಹೀಗೆಯೇ.

● ಆ ಕಾಗದಪತ್ರ ಯಾವುದು? ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು, 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳನ್ನು ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿಸಲಾಯಿತು. ಮಕಾವ್, ಆಫ್ರಿಕನ್ ಗ್ರೇ ಗಿಳಿ, ಇಗ್ವಾನಾ, ಬಾಲ್ ಪೈಥಾನ್ ಎಲ್ಲವೂ ಇದರಲ್ಲಿವೆ. 2024ರ ನಿಯಮದಂತೆ, ಇವು ಕೈಸೇರಿದ 30 ದಿನದೊಳಗೆ ಕೇಂದ್ರ ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ಲೆಕ್ಕ ಒಪ್ಪಿಸಬೇಕು.

● ನಾವು ‘ಲವ್ ಬರ್ಡ್ಸ್’ ಎಂದು ಜೋಡಿ ಲೆಕ್ಕದಲ್ಲಿ ಕೊಳ್ಳುವುದು ಬಹುಪಾಲು ಆಸ್ಟ್ರೇಲಿಯಾದ ಬಡ್ಜಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಬಡ್ಜಿ, ಕಾಕಟೀಲ್ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಈ ನೋಂದಣಿಯ ತಲೆನೋವೂ ಇಲ್ಲ.

● ಅದೃಷ್ಟ ತರುತ್ತದೆಂದು ನಕ್ಷತ್ರ ಆಮೆ ತಂದಿಟ್ಟುಕೊಳ್ಳುವವರಿದ್ದಾರೆ. ಅದು ನಮ್ಮದೇ ಕುರುಚಲು ಕಾಡಿನ ಜೀವಿ. ಮನೆಯಲ್ಲಿಟ್ಟರೆ ಬರುವುದು ಅರಣ್ಯ ಇಲಾಖೆಯವರು.

● 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಟ್ರಾಲಿ ಬ್ಯಾಗಿನಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 234 ಪ್ರಾಣಿಗಳು. ಹಾವು, ಆಮೆ, ಇಗ್ವಾನಾಗಳ ಜೊತೆ ಒಂದು ಕಾಂಗರೂ ಮರಿಯೂ ಇತ್ತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಉಸಿರುಕಟ್ಟಿ ಅದು ಸತ್ತೇಹೋಗಿತ್ತು. ಮರುವರ್ಷ ಅಲ್ಲೇ 10 ಹಳದಿ ಅನಕೊಂಡ ಸಿಕ್ಕವು.

● ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮನೆಯಲ್ಲಿ ಮೊಲ ಸಾಕುವಂತಿಲ್ಲ. ಆದರೆ ಜಾದೂಗಾರರಿಗೆ ಪರವಾನಗಿ ಸಿಗುತ್ತದೆ!

● ಸ್ವಿಟ್ಜರ್ಲೆಂಡ್‌ನಲ್ಲಿ ಗಿನಿಪಿಗ್ ಒಂದನ್ನೇ ಒಂಟಿಯಾಗಿ ಸಾಕುವಂತಿಲ್ಲ.

● ದುಬೈ ಕನ್ನಡಿಗರೇ, ಅಲ್ಲಿ ಚೀತಾ, ಚಿರತೆಗಳನ್ನು ರಸ್ತೆಗೆ ಕರೆತಂದರೆ 5 ಲಕ್ಷ ದಿರ್ಹಾಂವರೆಗೆ ದಂಡ.

● ‘ಹಕ್ಕಿ ತಗೊಂಡ್ಹೋಗಿ ಸಾರ್, ಪೇಪರ್ ಆಮೇಲೆ ಕೊಡ್ತೀನಿ’ ಎನ್ನುವ ಅಂಗಡಿಯವನಿಗೆ ದುಡ್ಡನ್ನೂ ಆಮೇಲೆಯೇ ಕೊಡಿ.